ಮೌನದ ಮಠದಲ್ಲಿ ಮಾತಿನ ಕೆಲಸ

ಮಾತು ಜಾಸ್ತಿ ಅಂತ ತವರಲ್ಲೂ ಅತ್ತೆಮನೆಯಲ್ಲೂ ಬೈಸಿಕೊಂಡವಳಿಗೆ ಮಾತಾಡುವುದಕ್ಕೇ ಸಂಬಳ ಸಿಕ್ಕರೆ ಇಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ರಾಯಚೂರಿನಲ್ಲಿ ಹುಟ್ಟಿ ಯಲಹಂಕಕ್ಕೆ ಸೊಸೆಯಾಗಿ ಬಂದ ನನಗೆ ಎಂಬತ್ತರ ದಶಕದಲ್ಲಿ ಆ ಕೆಲಸ ಸಿಕ್ಕಿದ್ದು ಅಟ್ಟೂರಿನ ಆಚೆಯ ಕ್ಯಾಥೊಲಿಕ್ ಸನ್ಯಾಸಿಗಳ ಮಠದಲ್ಲಿ. ಮನೆಮನೆಗೂ ಟಿ.ವಿ. ಬರುತ್ತಿದ್ದ ಕಾಲ. ಅವರು ದ್ರಾಕ್ಷಿ ತೋಟದ ಮೂಲೆಯ ಶೆಡ್ಡಿನಲ್ಲಿ, ಕರೆಂಟು ಏರುಪೇರಾದರೆ ಟಿ.ವಿ. ಸುಡದಂತೆ ಕಾಯುವ ಸ್ಟೆಬಿಲೈಸರ್ ಡಬ್ಬ ಮಾಡಿ ಮಾರುತ್ತಿದ್ದರು. ಅದು ನಡೆಯದಿದ್ದರೆ ತೋಟ ಮಾರಬೇಕಿತ್ತು. ಸೈಟು ಮಾಡುವವರು ಆಗಲೇ ಬೇಲಿಯಾಚೆ ನಿಂತು ಕಣ್ಣಲ್ಲೇ ಅಳೆಯುತ್ತಿದ್ದರು.

ತೊಂದರೆ ಒಂದೇ. ಬೆಳಿಗ್ಗೆ ಹತ್ತಕ್ಕೆ ಗಂಟೆ ಬಾರಿಸಿದರೆ ಮಧ್ಯಾಹ್ನದ ಗಂಟೆಯವರೆಗೆ ಸನ್ಯಾಸಿಗಳೆಲ್ಲರಿಗೂ ಮೌನವ್ರತ. ಗಿರಾಕಿಗಳ ಫೋನು ಬರುವುದೂ ಆಗಲೇ; ಅದಕ್ಕೇ ಮಾತಾಡಲು ಹೊರಗಿನವರೊಬ್ಬರು ಬೇಕಾಗಿದ್ದರು.

ಸಂದರ್ಶನ

ಮಠದ ಹಿರಿಯ ಫಾದರ್ ಮಂಗಳೂರು ಕಡೆಯವರು. ನನ್ನನ್ನು ಕೂರಿಸಿ, "ನಿಮಗೆ ಹೆಚ್ಚು ಮಾತನಾಡಿ ಅಭ್ಯಾಸ ಉಂಟಾ?" ಎಂದರು.

ಜೊತೆಗೆ ಬಂದಿದ್ದ ನಮ್ಮೆಜಮಾನರು ನನಗಿಂತ ಮುಂಚೆ ಬಾಯಿ ಹಾಕಿದರು: "ನಿಲ್ಲಿಸಿ ಅಭ್ಯಾಸ ಇದೆಯಾ ಅಂತ ಕೇಳಿ, ಫಾದರ್!"

ಅಲ್ಲೇ ಕೆಲಸ ಖಾಯಂ ಆಯಿತು.

ಗೌಡರ ಅನುಮಾನ

ಅಟ್ಟೂರಿನ ಗೌಡರೊಬ್ಬರು ಹೊಸ ಟಿ.ವಿ.ಗೆ ಸ್ಟೆಬಿಲೈಸರ್ ಕೊಳ್ಳಲು ಬಂದರು. ಸುತ್ತ ನೋಡಿದರು, ಕಿಟಕಿಯಲ್ಲೂ ಇಣುಕಿದರು.

"ಏನವ್ವಾ, ಇಲ್ಲಿ ಟೀವಿನೇ ಕಾಣಾಕಿಲ್ಲ?"

"ಇವರು ಟಿ.ವಿ. ನೋಡೋಲ್ಲ ಗೌಡ್ರೇ."

"ಅಂಗಾರೆ ಈ ಡಬ್ಬ ಕೆಲ್ಸ ಮಾಡ್ತದೆ ಅಂತ ಇವರಿಗೆ ಎಂಗ್ ಗೊತ್ತು?"

ನಾನು ಡಬ್ಬ ಪರೀಕ್ಷಿಸುವ ಬಲ್ಬು, ಮೀಟರು ಎಲ್ಲ ತೋರಿಸಿ ವಿವರಿಸುವಷ್ಟರಲ್ಲಿ ಗೌಡರೇ ಸಮಾಧಾನ ಮಾಡಿಕೊಂಡರು: "ಓಗ್ಲಿ ಬುಡವ್ವ, ದೇವರ್ನೇ ನೋಡ್ದೆ ನಂಬ್ಕೊಂಡು ಕುಂತವ್ರೆ. ಟೀವಿ ಯಾವ್ ಮಹಾ!"

ಗುರುವಾರ ಅಂದರೆ ಗುರುವಾರ

ನಮ್ಮ ಅರ್ಧಕ್ಕರ್ಧ ಮಾಲು ಕೊಳ್ಳುತ್ತಿದ್ದವರು ಯಶವಂತಪುರದ ಟಿ.ವಿ. ಅಂಗಡಿಯವರು. ಒಂದು ದಿನ ಫೋನಿನಲ್ಲಿ, "ಮೇಡಂ, ಮಾಲು ಯಾವಾಗ?" ಎಂದರು. ಲೋಕಾರೂಢಿಯಂತೆ "ನಾಳೆನೇ ಸಾರ್" ಎಂದೆ.

ಅದನ್ನು ಕೇಳಿಸಿಕೊಂಡಿದ್ದ ಫಾದರ್ ಮೌನ ಮುಗಿದದ್ದೇ ಬಂದರು. "ಗುರುವಾರದ ಮೊದಲು ಮುಗಿಯುವುದಿಲ್ಲ. ಸುಳ್ಳು ಯಾಕೆ? ಫೋನ್ ಮಾಡಿ ಹೇಳಿ."

ಹೇಳಿದೆ. ಗುರುವಾರ ಮಾಲು ಹೋಯಿತು. ಮಧ್ಯಾಹ್ನವೇ ಅಂಗಡಿಯವರ ಫೋನು, ಸಿಟ್ಟಿನಲ್ಲಿ: "ಏನ್ರೀ ಮೇಡಂ, ಹೇಳಿದ ದಿನವೇ ಕಳಿಸಿಬಿಟ್ರೆ ಹೆಂಗ್ರೀ? ಗೋಡೌನಲ್ಲಿ ಜಾಗ ಮಾಡ್ಕೋಬೇಡ್ವಾ?"

ಗಂಟಲು ಕೈಕೊಟ್ಟ ದಿನ

ಆ ವರ್ಷ ಬೇರೆ ಕಂಪನಿಗಳು ಅಗ್ಗದ ಮಾಲು ತಂದವು. ಯಶವಂತಪುರದವರು ಆರ್ಡರ್ ನಿಲ್ಲಿಸಿದರೆ ತೋಟವೂ ಇಲ್ಲ, ನನ್ನ ಕೆಲಸವೂ ಇಲ್ಲ. ಅವರು ಚೌಕಾಸಿ ಮಾಡಲು ಮೊದಲ ಸಲ ಖುದ್ದಾಗಿ ಬಂದರು, ಮೌನದ ಹೊತ್ತಿಗೆ ಸರಿಯಾಗಿ. ಅಂದೇ ನನ್ನ ಗಂಟಲು ಕಟ್ಟಿ, ಉಸಿರು ಬಿಟ್ಟು ಬೇರೇನೂ ಹೊರಡುತ್ತಿರಲಿಲ್ಲ.

"ಫಾದರ್, ಕಾಲು ಭಾಗ ಬೆಲೆ ಇಳಿಸಿದ್ರೆ ಮಾತ್ರ ಆರ್ಡರ್."

ಫಾದರ್ ಸುಮ್ಮನೆ ನಕ್ಕರು. ನಾನು ಗಾಬರಿಯಲ್ಲಿ ಗಂಟಲು ಮುಟ್ಟಿ ತೋರಿಸಿದೆ.

"ಕತ್ತು ಕುಯ್ತಿದ್ದೀನಿ ಅಂತೀರಾ ಮೇಡಂ? ಸರಿ, ಅದರಲ್ಲಿ ಅರ್ಧ ಇಳಿಸಿ ಸಾಕು."

ಫಾದರಿಗೆ ಇದು ದೇವರ ಮೌನದ ಹೊತ್ತು, ಮಾತಾಡುವಂತಿಲ್ಲ ಅಂತ ತಿಳಿಸಲು ಮೇಲೆ ಕೈ ತೋರಿಸಿದೆ.

"ದೇವರು ನೋಡ್ತಾನೆ ಅಂತ ಹೆದರಿಸ್ಬೇಡಿ! ಆಯ್ತು, ಲಾರಿ ಬಾಡಿಗೆಯಾದ್ರೂ ನಿಮ್ಮದಿರ್ಲಿ."

ಫಾದರ್ ಉಪಚಾರಕ್ಕೆ ನೀರಿನ ಲೋಟ ಅವರ ಮುಂದೆ ಸರಿಸಿದರು.

"ನೀರು ಕುಡಿದು ಎದ್ದು ಹೋಗು ಅಂತಾನಾ? ಇಷ್ಟು ಗಟ್ಟಿ ಆಸಾಮೀನ ನಾನು ಎಲ್ಲೂ ನೋಡಿಲ್ಲ. ಹಳೇ ಬೆಲೆನೇ ಇರ್ಲಿ, ಬಾಡಿಗೆನೂ ನಂದೇ!" ಎಂದು ಆರ್ಡರಿಗೆ ಸಹಿ ಹಾಕಿಯೇಬಿಟ್ಟರು.

ಆಗ ಬಾರಿಸಿತು ಮಧ್ಯಾಹ್ನದ ಗಂಟೆ. ಫಾದರ್ ಬಾಯಿ ತೆರೆದರು. ಬೇಡ ಬೇಡ ಅಂತ ನಾನು ಕೈ ಆಡಿಸುತ್ತಲೇ ಇದ್ದೆ.

"ಕ್ಷಮಿಸಿ, ನಮಗೆ ಮೌನ ಇತ್ತು. ಇವರಿಗೆ ಗಂಟಲು ಸರಿ ಇಲ್ಲ. ನಿಜ ಹೇಳಿದರೆ, ನೀವು ಮೊದಲು ಕೇಳಿದ ಬೆಲೆಗೇ ಒಪ್ಪುವವರಿದ್ದೆವು. ಬೇಕಾದರೆ ಬದಲಾಯಿಸಿ."

ಅಂಗಡಿಯವರು ಫಾದರನ್ನು ನೋಡಿದರು, ಸಹಿಯನ್ನು ನೋಡಿದರು, ಆಮೇಲೆ ನೀರನ್ನು ಗಟಗಟ ಕುಡಿದರು.

"ಬರೆದದ್ದು ಬರೆದಾಯ್ತು, ಇರ್ಲಿ ಬಿಡಿ. ಇಷ್ಟು ನಿಜ ಹೇಳೋರು ಡಬ್ಬದೊಳಗೆ ಮೋಸ ಮಾಡೋಲ್ಲ."

ತೋಟ ಉಳಿಯಿತು. ಅಂಗಡಿಯವರು ಸ್ಕೂಟರಿಗೆ ಕಿಕ್ ಹೊಡೆದು, ನನ್ನ ಕಡೆ ತಿರುಗಿ ಕೈ ಮುಗಿದರು:

"ಇನ್ಮೇಲೆ ನಿಮ್ಮ ಗಂಟಲು ಹೇಗಿದೆ ಅಂತ ಫೋನ್ ಮಾಡಿ ಕೇಳ್ಕೊಂಡೇ ಬರ್ತೀನಿ, ಮೇಡಂ. ಯಾರೂ ಮಾತಾಡ್ಲಿಲ್ಲ ಅಂದ್ರೆ ಅವತ್ತು ಈ ಕಡೆ ತಲೆನೂ ಹಾಕೋಲ್ಲ!"