ಮಲ್ಲಿನಾಥನ ತುತ್ತಿಗೆ ಯಾರೂ ಅವಸರ ಮಾಡತಕ್ಕದ್ದಲ್ಲ

ಗೃಹ ಭೋಜನ ಇಲಾಖೆ
(ತುತ್ತು ಮತ್ತು ಗುಟುಕು ಶಾಖೆ), ರಬಕವಿ
ಕ್ರಮಾಂಕ: ಗೃಭೋಇ/ಗಂಟಲು/01/2009

ವಿಷಯ: ಶ್ರೀ ಮಲ್ಲಿನಾಥ ಇವರು ಊಟ ಮಾಡುವಾಗ ಮನೆಯವರೂ ನೆಂಟರೂ ಪಾಲಿಸಬೇಕಾದ ಶಿಸ್ತಿನ ಕುರಿತು.

ಉಲ್ಲೇಖ: 1) ಜಮಖಂಡಿಯ ಡಾಕ್ಟರರ ಮೌಖಿಕ ಆದೇಶ.
2) ಸೋದರಮಾವ ಯಮನಪ್ಪನವರ ಒತ್ತಾಯದ ಹೋಳಿಗೆ.

ಪ್ರಸ್ತಾವನೆ:

ಮಲ್ಲಿನಾಥ ಅವರು ಸ್ಕಿಜೋಫ್ರೇನಿಯಾಕ್ಕೆ ಹಲವು ವರ್ಷಗಳಿಂದ ಗುಳಿಗೆ ಸೇವಿಸುತ್ತ, ಮನೆಯ ಮಗ್ಗದಲ್ಲಿ ಸೀರೆ ನೇಯ್ದುಕೊಂಡು ಬಂದಿರುತ್ತಾರೆ. ಕಳೆದ ಚಳಿಗಾಲದಲ್ಲಿ "ಯವ್ವಾ, ತುತ್ತು ಗಂಟಲದಾಗ ನಿಂದರತೈತಿ" ಎಂದು ಅವರು ಪದೇ ಪದೇ ವರದಿ ಸಲ್ಲಿಸಿದ್ದು, ತಾಯಿ ಶೇವಂತಿ ಹಾಗೂ ತಂಗಿ ನೇತ್ರಾ ಸದರಿ ವರದಿಯನ್ನು "ಅದೂ ಒಂದು ಭ್ರಮಿ" ಎಂದು ವಜಾ ಮಾಡಿರುತ್ತಾರೆ. ಹೇಳಿ ಉಪಯೋಗವಿಲ್ಲವೆಂದು ಮನಗಂಡ ಮಲ್ಲಿನಾಥರು ಹೇಳುವುದನ್ನೇ ಬಿಟ್ಟು, ಕೆಮ್ಮುತ್ತ ಉಂಡಿರುತ್ತಾರೆ.

ತರುವಾಯ ಯಮನಪ್ಪನವರು "ಏಸೊತ್ತು ಅಗೀತಿಲೇ, ನುಂಗು!" ಎಂದು ಬಾಯಿಗಿಟ್ಟ ಹೋಳಿಗೆ ದಾರಿ ತಪ್ಪಿ, ಮಲ್ಲಿನಾಥರ ಮುಖ ನೀಲಿಗಟ್ಟಿತು. ಬೆನ್ನಿಗೆ ಗುದ್ದಿ ಅದನ್ನು ಹೊರಗೆ ಕರೆಸಿಕೊಳ್ಳಲಾಯಿತಾದರೂ ಚೂರುಗಳು ಶ್ವಾಸಕೋಶಕ್ಕಿಳಿದು, ಜ್ವರ ಬಂದು, ಜಮಖಂಡಿಯ ದವಾಖಾನೆಗೆ ಸೇರಿಸಬೇಕಾಯಿತು.

ಅಲ್ಲಿ ಡಾಕ್ಟರರು ತಿಳಿಸಿದ್ದು: "ಅವರು ಖರೇನ ಹೇಳ್ಯಾರ್ರಿ. ಈ ಬ್ಯಾನಿಯವರಿಗೆ ನುಂಗೋದು ತ್ರಾಸ ಆಗಬಹುದು, ಗುಳಿಗಿಯಿಂದನೂ ಆಗಬಹುದು. ಹಂಗಂತ ನೀವಾಗೇ ಗುಳಿಗಿ ಬಿಡಿಸಬ್ಯಾಡ್ರಿ. ನಾ ಬದಲಿ ಮಾಡಿ ನೋಡತೇನಿ."

"ಖರೇನ" ಎಂಬ ಶಬ್ದ ಕಿವಿಗೆ ಬಿದ್ದೊಡನೆ ಮಲ್ಲಿನಾಥರು ಹಾಸಿಗೆಯಲ್ಲಿ ಎದ್ದು ಕುಳಿತರು. ಜ್ವರ ಇಳಿಯುವ ಮೊದಲೇ ಎದೆ ಹಗುರಾಯಿತೆಂದು ಅವರೇ ಆಮೇಲೆ ತಿಳಿಸಿರುತ್ತಾರೆ. ಶೇವಂತಿಯವರು ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ದಾಖಲಿಸಲಾಗಿದೆ.

ಆದುದರಿಂದ ಈ ಮೂಲಕ ಸೂಚಿಸಲಾಗಿದೆ:

1. ಒಣಗಿ ಗರಿಗರಿಯಾದ ಕಟಕ ರೊಟ್ಟಿಯು ನೆನೆದು ಸಾರಿಗೆ ಸಂಪೂರ್ಣ ಶರಣಾಗುವವರೆಗೆ ತಾಟಿನಿಂದ ಮೇಲೇಳತಕ್ಕದ್ದಲ್ಲ.

2. ಮಲ್ಲಿನಾಥರು ನೆಟ್ಟಗೆ ಕುಳಿತು ಸಣ್ಣ ತುತ್ತು ತೆಗೆದುಕೊಳ್ಳುವರು. ಒಂದು ಇಳಿದ ಮೇಲೆಯೇ ಇನ್ನೊಂದು. ನಡುವೆ "ಆತೇನೋ?" ಎಂದವರು ಎಲ್ಲರ ತಾಟು ತಿಕ್ಕತಕ್ಕದ್ದು.

3. ಊಟದ ವೇಳೆ ಟಿ.ವಿ. ಧಾರಾವಾಹಿಯ ಅತ್ತೆಯಂದಿರು ಬಾಯಿ ಮುಚ್ಚಿಕೊಂಡಿರತಕ್ಕದ್ದು.

4. ಯಮನಪ್ಪನವರ ಎರಡೂ ಕೈಗಳು ಅವರದೇ ತಾಟಿನ ಸರಹದ್ದಿನಲ್ಲಿರಬೇಕು. ಸರಹದ್ದು ದಾಟಿದ ಹೋಳಿಗೆಯನ್ನು ಜಪ್ತಿ ಮಾಡಿ, ತುಪ್ಪಸಹಿತ ನೇತ್ರಾ ಅವರಿಗೆ ವರ್ಗಾಯಿಸಲಾಗುವುದು. ನಗೆಚಾಟಿಕೆಗಳನ್ನು ಎಲ್ಲರೂ ಕೈತೊಳೆಯುವವರೆಗೆ ಅವರು ಜೇಬಿನಲ್ಲಿಟ್ಟುಕೊಳ್ಳತಕ್ಕದ್ದು.

5. ಉಂಡ ಕೂಡಲೇ ಮಲ್ಲಿನಾಥರು ಅಡ್ಡಾಗುವಂತಿಲ್ಲ. ಅವರಿಗೆ ಬೇಸರವಾಗದಂತೆ ಇಡೀ ಮನೆ ಜೊತೆಗೆ ಕುಳಿತಿರತಕ್ಕದ್ದು. ಕುಳಿತಲ್ಲೇ ಗೊರಕೆ ಹೊಡೆಯುವ ಯಮನಪ್ಪನವರನ್ನು ತಾಂತ್ರಿಕವಾಗಿ ಎಚ್ಚರವಿರುವರೆಂದು ಪರಿಗಣಿಸಲಾಗುವುದು.

6. ಮಲ್ಲಿನಾಥರು ಯಾವುದೇ ವರದಿ ನೀಡಿದಲ್ಲಿ, ಮೊದಲು ನೋಡತಕ್ಕದ್ದು, ಮಾತು ಆಮೇಲೆ.

(ಸಹಿ)
ನೇತ್ರಾ
ಪ್ರಭಾರ ಅಧಿಕಾರಿ ಹಾಗೂ ಖಾಯಂ ತಂಗಿ

ಪ್ರತಿಗಳು:

1. ಶೇವಂತಿ: ಒಲೆಯ ಹಿಂದಿನ ಗೋಡೆಗೆ ಅಂಟಿಸಲು.
2. ಯಮನಪ್ಪ: ಮಾಹಿತಿಗಾಗಿ. ಪುನಃ ಮಾಹಿತಿಗಾಗಿ.
3. ನೆರೆಮನೆಯ ಯಂಕವ್ವ: ಪ್ರತಿ ಅಗತ್ಯವಿಲ್ಲ, ಗೋಡೆಯಾಚೆಯಿಂದ ಈಗಾಗಲೇ ಕೇಳಿಸಿಕೊಂಡಿರುತ್ತಾರೆ.
4. ಮಲ್ಲಿನಾಥ: ಅನುಮೋದನೆಗಾಗಿ. ಅವರ ಷರಾ: "ಸಾರಿಗೆ ಉಪ್ಪು ಬಿದ್ದಿಲ್ಲ." ತಕ್ಷಣ ಪರಿಶೀಲಿಸಲಾಯಿತು. ಬಿದ್ದಿರಲಿಲ್ಲ.