ಭಾವನ ಎರಡು ಲೈಬ್ರರಿ

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಸುಳ್ಳು ಹೇಳುವವರೇ ಅಲ್ಲ. ಆ ಕೆಲಸಕ್ಕೆಂದೇ ಒಂದು ಪ್ರೋಗ್ರಾಂ ಬರೆದಿಟ್ಟಿದ್ದರು!

ತೊಂಬತ್ತರ ದಶಕದ ಪೀಣ್ಯ. ಕೆಳಗೆ ಲೇತುಗಳ ಸದ್ದು, ಮೇಲೆ ಭಾವನ ಪುಟ್ಟ ಕಂಪನಿ. ಅಲ್ಲಿ ಅವರು ಬಾಯ್ಲರ್‌ಗಳ ಬಿಸಿ ತೋರಿಸುವ ಪ್ರೋಗ್ರಾಂ ಬರೆಯುತ್ತಿದ್ದರು. ಆಫೀಸಿಗೆ ಬಾಯ್ಲರ್ ಎಲ್ಲಿಂದ ತರುವುದು? ಅದಕ್ಕೇ ಎರಡು ಲೈಬ್ರರಿ; ಪುಸ್ತಕದ್ದಲ್ಲ, ಪ್ರೋಗ್ರಾಮಿಗೆ ಜೋಡಿಸುವ ಸಿದ್ಧ ತುಣುಕುಗಳು. ಫ್ಯಾಕ್ಟರಿಯದು ನಿಜವಾದ ಬಾಯ್ಲರನ್ನು ಕೇಳಿ ಉತ್ತರ ತರುತ್ತಿತ್ತು. ಆಫೀಸಿನದು ಯಾರನ್ನೂ ಕೇಳದೆ, ಯಾವಾಗಲೂ ‘ಎಂಬತ್ತು ಡಿಗ್ರಿ, ಎಲ್ಲ ಸರಿಯಾಗಿದೆ’ ಎನ್ನುತ್ತಿತ್ತು. ‘ಮೇಕ್’ ಎಂದು ಟೈಪ್ ಮಾಡಿ, ಮುಂದೆ ಆಫೀಸೋ ಫ್ಯಾಕ್ಟರಿಯೋ ಹೇಳಿದರೆ ಸಾಕು, ಆಯಾ ಲೈಬ್ರರಿ ತಾನೇ ಬಂದು ಸೇರಿಕೊಳ್ಳುತ್ತಿತ್ತು.

ಈ ಏರ್ಪಾಡಿನ ಮೇಲೆ ಭಾವನಿಗೆ ಎಂಥ ಮೋಹ ಅಂತೀರಿ! ನಾವೆಲ್ಲ ಒಟ್ಟಿಗಿದ್ದ ರಾಜಗೋಪಾಲನಗರದ ಮನೆಗೂ ಅದನ್ನೇ ತಂದರು. ಅತ್ತೆಯ, ಅಂದರೆ ನಮ್ಮಮ್ಮನ ಎದುರು ಆಫೀಸು: ಸಾರು ಹೇಗಿದ್ದರೂ ಅಮೃತ. ಅಕ್ಕನ ಎದುರು ಮಾತ್ರ ಫ್ಯಾಕ್ಟರಿ: ‘ಉಪ್ಪೆಲ್ಲೇ?’ ಒಮ್ಮೆ ಅಮ್ಮ ಬಡಿಸುವಾಗ ಮರೆತು ಫ್ಯಾಕ್ಟರಿ ಜೋಡಿಸಿಬಿಟ್ಟರು. ಆಮೇಲೆ ತಿಂಗಳುಗಟ್ಟಲೆ ಅಮ್ಮ ಅಳಿಯನ ಎಲೆಯ ಪಕ್ಕ ಉಪ್ಪಿನ ಭರಣಿಯನ್ನೇ ತಂದಿಡುತ್ತಿದ್ದಳು.

ಬೊಮ್ಮಸಂದ್ರದ ಔಷಧ ಕಾರ್ಖಾನೆಗೆ ಪ್ರೋಗ್ರಾಂ ಒಪ್ಪಿಸುವ ದಿನ ನಾನೂ ಜೊತೆಗಿದ್ದೆ. ಅಕ್ಕ ಆಸ್ಪತ್ರೆಯಲ್ಲಿದ್ದಳು, ಮರುದಿನ ಹೃದಯದ ಆಪರೇಷನ್. ಭಾವ ಮಾತ್ರ ಏನೂ ಆಗುವುದಿಲ್ಲವೆಂದು ನಮಗೆಲ್ಲ ನಗುನಗುತ್ತ ಧೈರ್ಯ ಹೇಳುತ್ತಿದ್ದರು. ಫ್ಲಾಪಿ ಹಾಕಿದ ತಕ್ಷಣ ಪರದೆಯ ಮೇಲೆ ಎಂಬತ್ತು ಡಿಗ್ರಿ ಬಂತು. ಮ್ಯಾನೇಜರು ಭಾವನ ಕೈಕುಲುಕಿದರು. ಆಪರೇಟರ್ ತಲೆ ಕೆರೆದುಕೊಂಡ.

“ಸಾರ್, ಬಾಯ್ಲರ್ ಇನ್ನೂ ಹಚ್ಚಿಲ್ವಲ್ಲ.”

ಭಾವ ಆಫೀಸಿನ ಲೈಬ್ರರಿಯನ್ನೇ ಜೋಡಿಸಿ ತಂದಿದ್ದರು! ಸರಿಮಾಡಿಕೊಂಡು ಇನ್ನೊಂದು ದಿನ ಬನ್ನಿ ಎಂದು ಮ್ಯಾನೇಜರು ನಮ್ಮನ್ನು ಸಾಗಹಾಕಿದರು.

ನೇರ ಆಸ್ಪತ್ರೆಗೆ ಬಂದೆವು. ಹೋದ ಕೆಲಸ ಏನಾಯಿತೆಂದು ಅಕ್ಕ ಕೇಳಿದಳು. ಸೊಗಸಾಗಿ ಆಯಿತು, ನಾಳೆಯದೂ ಹಾಗೇ ಆಗುತ್ತದೆ ಎಂದರು ಭಾವ. ಅಕ್ಕ ಅವರ ಮುಖವನ್ನೇ ನೋಡಿದಳು.

“ಯಾವ್ದು ಹಾಕ್ಕೊಂಡು ಬಂದಿದೀರ್ರೀ? ಆಫೀಸಿಂದಾ, ಫ್ಯಾಕ್ಟರೀದಾ?”

ಭಾವನ ನಗು ಅಲ್ಲೇ ನಿಂತಿತು. ಮಂಚದ ಅಂಚಿನಲ್ಲಿ ಕೂತು ಅವಳ ಕೈ ಹಿಡಿದುಕೊಂಡರು.

“ಆಫೀಸಿಂದು ಕಣೇ. ನಂಗೆ ತುಂಬಾ ಭಯ ಆಗ್ತಿದೆ.”

“ನಂಗೂ,” ಎಂದಳು ಅಕ್ಕ.

ಅಕ್ಕ ಗುಣವಾಗಿ ಬಂದಳು. ಚೇತರಿಸಿಕೊಂಡು ಮೊದಲ ಸಲ ಸಾರು ಮಾಡಿದ ದಿನ ನಾವೆಲ್ಲ ಅಮೃತ ಅಮೃತ ಎಂದೆವು. ಭಾವ ಒಂದು ತುತ್ತು ಬಾಯಿಗಿಟ್ಟು ಉಪ್ಪೆಲ್ಲೇ ಎಂದರು. ಅಕ್ಕ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡು ಭರಣಿಯನ್ನು ಅವರತ್ತ ತಳ್ಳಿದಳು.