ಗಾಡಿಯ ನಡಾ, ನನ್ನ ನಡಾ

ನನ್ನ ನಸೀಬು ಹೆಂಗೈತಿ ಅಂತ ಯಾರರೆ ಕೇಳಿದ್ರ, ನನ್ನ ಗಾಡಿ ಹಿಂದ ನಿಂತು ನೋಡ್ರಿ ಅಂತೀನಿ. ಮುಂದ ನೆಟ್ಟಗ, ಹಿಂದ ಕುಸದ ಕುಂತಿರ್ತಿತ್ತು. ಇಂಥಾವು ನನಗ ಒಂದಾದ ಮ್ಯಾಲೆ ಒಂದು ಬರತಾವ, ಸೂಟಿ ಅನ್ನೂದ ಇಲ್ಲ.

ಮುಂಬೈ ವಡಾಲದಾಗ ಉಡುಪಿ ಕಡೇವ್ರ ಹೋಟೆಲ್ಲಿನ ಪಿಕಪ್ ಗಾಡಿ ಓಡಸ್ತೀನಿ. ದಿನಾ ಮುಂಜಾನೆ ಪವಾಯಿಯ ಒಂದು ಆಫೀಸಿನ ಕ್ಯಾಂಟೀನಿಗೆ ಇಡ್ಲಿ, ಸಾಂಬಾರು ಒಯ್ಯೂದು. ಕ್ಯಾಂಟೀನು ನೆಲಮಾಳಿಗ್ಯಾಗ ಐತಿ. ಇಳಿಜಾರು ಶುರುವಾಗೂ ಕಡೆ ಗಾಡಿ ಬುಡ ನೆಲಕ್ಕ ಉಜ್ಜಿ ಟೈಲ್ಸ್ ಒಡೀತಿತ್ತು. 'ಮುಂದಿನ ವಾರನೂ ಉಜ್ಜಿದ್ರ ಊಟ ಬ್ಯಾಡ' ಅಂದ ಅಲ್ಲಿನ ಮ್ಯಾನೇಜರ್. 'ಊಟ ಇಲ್ಲದಿದ್ರೆ ಗಾಡಿ ಎಂತಕ್ಕೆ? ಮಾರುವುದೇ' ಅಂದ್ರು ನಮ್ಮ ಮಾಲಕರು. ಡ್ರೈವರ್‌ನ ಏನು ಮಾಡೂದು ಅಂತ ಹೇಳಲಿಲ್ಲ. ನಾನೂ ಕೇಳಲಿಲ್ಲ, ಅಂಜಿಕಿ ಬಂದಿತ್ತು. ಐವತ್ತನಾಕು ವಯಸ್ಸಿನವಗ ಈ ಊರಾಗ ಹೊಸಾ ಕೆಲಸ ಯಾರು ಕೊಡ್ತಾರ?

೧. ಗಾಳಿ

ಗಾಡಿ ಹಿಂದ ಎತ್ತಬೇಕು ಅಂದಕೂಡ್ಲೆ ಹೋಟೆಲ್ಲಿನ ಮಂದೆಲ್ಲಾ ಮಿಸ್ತ್ರಿಗಳಾದ್ರು. ಅಡಗಿ ಭಟ್ಟರು ದೊಡ್ಡ ಟೈರು ಅಂದ್ರು. ಕ್ಯಾಶಿಯರು ಮೊಬೈಲಿನಾಗ ರಬ್ಬರ್ ಚೀಲ ತೋರಿಸಿ, 'ಇದನ್ನ ಹಿಂದಿನ ಗಾಲಿ ಹತ್ರ ಕೂರಿಸಿ ಗಾಳಿ ತುಂಬಿದ್ರಾಯ್ತು, ಗಾಡಿ ತಾನೇ ಏಳ್ತದೆ' ಅಂದ.

ಮಾಲಕರು ನನ್ನ ಕೇಳಿದ್ರು: 'ಗಾಳಿ ಹೋದ್ರೆ?'

'ಕುಸೀತೈತ್ರಿ.'

'ಈಗಲೂ ಕುಸಿದೇ ಉಂಟಲ್ಲ ಮಾರಾಯ್ರೆ. ಅದಕ್ಕೆ ಹೊಸ ಸಾಮಾನು ಯಾಕೆ?'

೨. ಪಟ್ಟಿ

ಗ್ಯಾರೇಜಿನ ಮಿಸ್ತ್ರಿ ನಮ್ಮ ಬಿಜಾಪುರ ಕಡೇವ. 'ಮಾಮು, ಹಿಂದಿನ ಸ್ಪ್ರಿಂಗ್ ಕಮಾನಿಗೆ ಒಂದು ಪಟ್ಟಿ ಹೆಚ್ಚಿಗಿ ಹಾಕ್ತೀನಿ. ಕಡಮಿ ಬಿದ್ರ ಆಮ್ಯಾಲೆ ಕಬ್ಬಿಣದ ತುಂಡಿಟ್ಟು ಎತ್ತೋಣು' ಅಂದ.

ಪಟ್ಟಿ ಹಾಕಿದ. ಗಾಡಿ ಬಿರುಸಾತು. ಖಾಲಿ ಗಾಡಿ ತಗೊಂಡು ವಾಪಸ್ ಬರಬೇಕಾದ್ರ ಒಂದೊಂದು ತೆಗ್ಗೂ ನನ್ನ ನಡದಾಗ ಬಂದು ಬಡೀತಿತ್ತು. ಬುಡ ಮಾತ್ರ ಇನ್ನೂ ಉಜ್ಜೂದು ಬಿಟ್ಟಿರಲಿಲ್ಲ.

ನಾಕು ದಿನಕ್ಕ ನಡಾ ಹಿಡೀತು, ಡಾಕ್ಟರ್ ಕಡೆ ಹೋದೆ. ಅವರು ಎಕ್ಸ್‌ರೇ ಫೋಟೋ ನೋಡಿ, 'ಭಾರ ಎತ್ತಬ್ಯಾಡ್ರಿ, ಗಾಡ್ಯಾಗ ಕುಂತು ಜರ್ಕು ತಿನ್ನಬ್ಯಾಡ್ರಿ. ಕೆಲಸ ಏನು ಮಾಡ್ತೀರಿ?' ಅಂದ್ರು.

ಹೇಳಿದೆ. ಅವರು ಪೆನ್ನು ಕೆಳಗಿಟ್ರು.

೩. ಕಲ್ಲು

ಮಿಸ್ತ್ರಿ ಕಬ್ಬಿಣದ ತುಂಡೂ ಇಟ್ಟ. ಆಮ್ಯಾಲೆ ಗಾಡಿ ಹಿಂದಿನ ಸಾಮಾನಿನ ಡಬ್ಬಿ ಬಾಗಲಾ ತಗದು ನೋಡಿ, 'ಇದೇನು ಮಾಮು?' ಅಂದ.

ಅದು ಹಿಟ್ಟು ರುಬ್ಬೋ ಕಲ್ಲು. ಮಾಲಕರ ತಂದಿ ಹೋಟೆಲ್ ಶುರು ಮಾಡಿದ್ದು ಅದರ ಮ್ಯಾಲೆ. ಮಷೀನು ಬಂದ ಮ್ಯಾಲೆ ಅದನ್ನ ಇಡಾಕ ಜಾಗಾ ಇಲ್ಲ ಅಂತ, 'ಎರಡು ದಿನ ಇರಲಿ' ಅಂದು ನನ್ನ ಗಾಡ್ಯಾಗ ಇಟ್ಟಿದ್ರು. ಎರಡು ವರ್ಷಾತು. ಶುಕ್ರವಾರಕ್ಕೊಮ್ಮೆ ಹೂವು, ಕುಂಕುಮ. ನಾನೂ ಸಾಂಬಾರಿನ ಡ್ರಮ್ಮು ಅದಕ್ಕ ಕಟ್ಟತಿದ್ದೆ.

'ಎಲ್ಲಾ ಲೋಡು ಹೇಳ್ರಿ ಅಂದಾಗ ಇದನ್ನ ಯಾಕ ಹೇಳಲಿಲ್ಲ?'

'ಇದು ಲೋಡಲ್ಲೋ ತಮ್ಮಾ, ಗಾಡೀದ ಭಾಗ' ಅಂದೆ. ಖರೇನ ಹಂಗ ಅನಿಸಿತ್ತು.

ಮಾಲಕರಿಗೆ ಫೋನ್ ಮಾಡಿದೆ. 'ಅಪ್ಪನನ್ನು ಇಳಿಸಿ ಅಂತ ಹೇಳ್ಲಿಕ್ಕೆ ನನಗೆ ಬಾಯಿ ಬರುವುದಿಲ್ಲ ಸಾಯ್ಬ್ರೆ. ನೀವೇ ಏನಾದ್ರೂ ಮಾಡಿ' ಅಂದ್ರು.

ಆರು ಮಂದಿ ಸೇರಿ ಇಳಿಸಿ ಗಲ್ಲಾ ಹಿಂದ ಇಟ್ವಿ. ಅವತ್ತಿನಿಂದ ಕ್ಯಾಶಿಯರು ಅಡ್ಡ ಕುಂತು ಬಿಲ್ಲು ಮಾಡಾಕ ಹತ್ತಿದ.

೪. ಒಳಗ ಹೋಗೂದು, ಹೊರಗ ಬರೂದು

ಮರುದಿನ ಪವಾಯಿ. ಗಾಡಿ ಉಜ್ಜದಂಗ ಇಳೀತು. ಮ್ಯಾನೇಜರ್ ತಾನ ಬಗ್ಗಿ ನೋಡಿ ಗೋಣು ಹಾಕಿದ. ನನಗ ಕಣ್ಣಾಗ ನೀರು ಬಂತು, ಕೆಲಸ ಉಳೀತು ಅಂತ.

ಸಾಮಾನೆಲ್ಲಾ ಇಳಿಸಿ ಹೊಳ್ಳಿ ಹೊಂಟೆ. ಭಾರ ಹೋದ ಗಾಡಿ ಹಿಂದ ಎದ್ದು ನಿಂತಿತ್ತು. ಗೇಟಿನ ಮ್ಯಾಲಿನ ಪೈಪಿಗೆ ಡಬ್ಬಿ ನೆತ್ತಿ ಢಣ್ ಅಂತ ಬಡೀತು. ಒಳಗ ಹೋದ ಗಾಡಿ ಹೊರಗ ಬರವಲ್ದು.

'ಅಂದರ್ ಆಯಾ ತೋ ಬಾಹರ್ ಕ್ಯೂಂ ನಹೀ?' ಅಂತ ವಾಚ್‌ಮನ್ ನನ್ನ ಬೈದ. ಹಿಂದ ಕಾರುಗಳ ಹಾರ್ನು. ಮುಗೀತು ನನ್ನ ಕತಿ ಅಂದ್ಕೊಂಡೆ.

ಹಿಂದಿನ ಕಾರಿನಿಂದ ಕೊರಳಾಗ ಕಾರ್ಡು ಹಾಕ್ಕೊಂಡ ಇಂಜಿನಿಯರ್ ಒಬ್ಬ ಇಳದು, 'ಅಂಕಲ್, ವೇಟ್ ಕಮ್ಮಿ ಆಯ್ತು. ನಾವು... ಕೂತ್ಕೋತೀವಿ' ಅಂದ. ಹಿಂದಿನ ಕಾರಿನವ್ರು ನಾಕು ಮಂದಿ ಡಬ್ಬಿ ಹತ್ತಿದ್ರು. ಗಾಡಿ ಕುಸೀತು. ಪೈಪು ದಾಟೀತು.

'ನಾಳೆ ಇವರು ಕೂರೂದಿಲ್ಲ' ಅಂದ ಮ್ಯಾನೇಜರ್.

ಮಾಲಕರಿಗೆ ಫೋನ್ ಹಚ್ಚಿದೆ. ಎಲ್ಲಾ ಕೇಳಿ ಅವರು ಅಂದ್ರು: 'ನಾಲ್ಕು ಜನ ಅಂದ್ರೆ ಸಾಧಾರಣ ಎಷ್ಟು ಭಾರ ಆಗ್ಬಹುದು ಸಾಯ್ಬ್ರೆ? ಕಲ್ಲಿನಷ್ಟು?'

ವಡಾಲಕ್ಕ ಬರೂದ್ರಾಗ ಮಾಲಕರು ಹೂವು, ಕುಂಕುಮ ಹಿಡಕೊಂಡು ಹೋಟೆಲ್ಲಿನ ಬಾಗಲಾಗ ನಿಂತಿದ್ರು. ಹಿಂದ ಕಲ್ಲಿನ ಸುತ್ತ ಆರು ಮಂದಿ.

ಈಗ ಹೋಗಬೇಕಾದ್ರ ಕಬ್ಬಿಣದ ತುಂಡು ಎತ್ತಿ ಹಿಡೀತೈತಿ, ಬುಡ ಉಜ್ಜೂದಿಲ್ಲ; ಬರಬೇಕಾದ್ರ ಕಲ್ಲು ಒತ್ತಿ ಹಿಡೀತೈತಿ, ನೆತ್ತಿ ಬಡಿಯೂದಿಲ್ಲ. ಕ್ಯಾಶಿಯರು ನೆಟ್ಟಗ ಕುಂದರ್ತಾನ. ನನ್ನ ನಡಾ ಅಷ್ಟ ಇನ್ನೂ ನೆಟ್ಟಗಾಗಿಲ್ಲ.

ಕಲ್ಲು ಏರಿಸಿದ ದಿನ ಮಾಲಕರು ಕಣ್ಣು ಒರಸಿಕೊಂಡು, 'ನೋಡಿ ಸಾಯ್ಬ್ರೆ, ಕಡೆಗೂ ನಿಮ್ಮ ಕೆಲಸ ಉಳಿಸಿದ್ದು ನನ್ನ ಅಪ್ಪ' ಅಂದ್ರು.

ಹೌದ್ರಿ ಅಂದೆ. ಮೊದಲ ಆ ಕೆಲಸ ಹೋಗಾಕ ಹತ್ತಿದ್ದೂ ಅವರ ಅಪ್ಪನಿಂದನ ಅನ್ನಾಕ ನನಗೂ ಬಾಯಿ ಬರಲಿಲ್ಲ.